ಇಪ್ಪತ್ತನೆಯ ತಟ್ಟೆ

“ತಟ್ಟೆ ಇಪ್ಪತ್ತು, ತಲೆ ಹತ್ತೊಂಬತ್ತು. ಇನ್ನೊಬ್ಬ ಎಲ್ಲಿ ಹೋದ?”

ಬಂದರಿನ ತಪಾಸಣಾಧಿಕಾರಿ ಯಾರನ್ನೂ ಕೇಳಿರಲಿಲ್ಲ. ಹಡಗಿನ ಅಡುಗೆಮನೆಯ ಗೋಡೆಯನ್ನು ಕೇಳಿದಂತಿತ್ತು. ಹಡಗಿನವರು ಬರೆದುಕೊಡುವ ಪಟ್ಟಿಯನ್ನು ಅವಳು ನಂಬುವವಳಲ್ಲ. ಮೊದಲು ಬೋರಲು ಹಾಕಿದ ತಟ್ಟೆ ಎಣಿಸುವುದು, ಆಮೇಲೆ ತಲೆ ಎಣಿಸುವುದು ಅವಳ ರೂಢಿ. ನಿನ್ನೆ ಮಾತ್ರ ಬಿಟ್ಟಿದ್ದಳು. ಕದ್ದು ಮೀನು ಹಿಡಿಯುವ ಈ ವಿದೇಶಿ ಹಡಗಿಗೆ ಬಂದರಿನೊಳಗೆ ಪ್ರವೇಶವಿಲ್ಲವೆಂದು ಸರ್ಕಾರದ ಆದೇಶ ಬಂದಿತ್ತು. ಒಳಗೇ ಬಾರದ ಹಡಗಿನ ತಲೆ ಎಣಿಸಿ ಏನಾಗಬೇಕು ಎಂದುಕೊಂಡು, ಮೀನು ತುಂಬಿದ ಶೀತಲ ಕೋಣೆಯ ಬಾಗಿಲಿಗೆ ಸೀಲು ಹಾಕಿ ಇಳಿದುಹೋಗಿದ್ದಳು. ಇಂದು ಮಧ್ಯಾಹ್ನದೊಳಗೆ ಹಡಗು ಲಂಗರು ಎತ್ತಬೇಕು; ಅದಕ್ಕೆ ಮೊದಲು ಕೊನೆಯ ತಪಾಸಣೆಗೆ ಬಂದಿದ್ದಳು.

“ನಮ್ಮಣ್ಣ ಕೆಳಗಿದ್ದಾನೆ, ಅಕ್ಕಾ,” ಎಂದ ಅಡುಗೆಯವನು. ಹಡಗು ಪರದೇಶದ್ದು, ಅವನು ಇದೇ ಊರಿನವನು. ಕಿಟಕಿಯಿಂದ ದಡದಲ್ಲಿ ಕಾಣುವ ನೀರಿನ ಟ್ಯಾಂಕಿನ ಹಿಂದೆಯೇ ಅವನ ಮನೆ.

“ಮೇಲೆ ಬರೋಕೆ ಹೇಳು ಮಹರಾಯನಿಗೆ.”

“ನೀವು ಸೀಲ್ ಹಾಕಿದ್ರಲ್ಲ, ಅದರೊಳಗಿದ್ದಾನೆ. ಮೀನಿನ ಡಬ್ಬಗಳ ಹಿಂದೆ. ಬಲೆ ಎಳೆಯೋ ಹಗ್ಗ ತುಂಡಾಗಿ ಬಡೀತು. ಇವತ್ತಿಗೆ ಹನ್ನೊಂದು ದಿನ.”

ಅವಳ ಪೆನ್ನು ನಿಂತಿತು. “ನಿನ್ನೆ ಯಾಕಪ್ಪಾ ಹೇಳಲಿಲ್ಲ? ನಾಲಿಗೆ ಬಿದ್ದುಹೋಗಿತ್ತಾ?”

“ಹೆಣ ಇದೆ ಅಂದ್ರೆ ಒಳಗೇ ಬಿಡಲ್ಲ, ಬಾಯಿ ಮುಚ್ಕೊಂಡಿರು ಅಂದ ಕ್ಯಾಪ್ಟನ್. ಸೀಲ್ ಹಾಕಿದ ಮೇಲೂ, ನಾಳೆ ಬಿಡ್ತಾರೆ, ಸುಮ್ಮನಿರು ಅಂದ. ಅಮ್ಮನಿಗೆ ಅವನ ಮುಖ ತೋರಿಸಿಬಿಟ್ರೆ ಸಾಕು ಅಂತ ನಾನೂ ಸುಮ್ಮನಿದ್ದೆ.” ಅವನು ಕೈ ಮುಗಿದ. “ಒಡೀರಿ, ಅಕ್ಕಾ. ಬೇರೆ ಯಾರೂ ಬೇಡ, ನಾನೇ ಹೊತ್ಕೊಂಡು ಇಳೀತೀನಿ.”

ಅವಳು ಸಾಹೇಬರಿಗೆ ಫೋನ್ ಮಾಡಿದಳು.

“ಹೋದ ವರ್ಷವೂ ಇದೇ ಹಡಗಿನವರು ಹೆಣ ಇದೆ ಅಂದ್ರು ಕಣಮ್ಮಾ,” ಎಂದರು ಅವರು. “ನಂಬಿ ಸೀಲ್ ಒಡೆದ್ವಿ. ಹೆಣವೂ ಇರಲಿಲ್ಲ, ಬೆಳಗಾಗೋದ್ರೊಳಗೆ ಮೀನೂ ಇರಲಿಲ್ಲ. ಮೀನು ಹೋದ್ರೆ ಕೇಸೂ ಹೋಯ್ತು. ಈ ಸಲ ಅವರ ದೇಶದವರೇ ಒಡೆದುಕೊಳ್ಳಲಿ. ಬೇಕಿದ್ರೆ ಆ ಅಡುಗೆಯವನನ್ನ ಕರ್ಕೊಂಡು ಬಾ. ಅವನು ನಮ್ಮವನು, ಅವನಿಗೆ ತಡೆಯಿಲ್ಲ.”

ಚೀಲದೊಳಗೆ ಸೀಲಿನ ತಂತಿ ಕತ್ತರಿಸುವ ಇಕ್ಕಳವಿತ್ತು. ಅವಳ ಕೈ ಅದನ್ನು ಮುಟ್ಟಿತು. ತುಸು ಹೊತ್ತು ಅಲ್ಲೇ ಇದ್ದು, ಬರಿದಾಗಿ ಹೊರಬಂತು.

“ನನ್ನ ದೋಣಿ ಕೆಳಗೇ ನಿಂತಿದೆ, ಬಾರಪ್ಪಾ,” ಎಂದಳು. ದನಿ ಅಧಿಕಾರಿಯದಾಗಿರಲಿಲ್ಲ. “ಒಬ್ಬ ಮಗನಾದ್ರೂ ನಿಮ್ಮಮ್ಮನ ಕಣ್ಣಿಗೆ ಬೀಳಲಿ. ಅಕ್ಕ ಅಂದೆಯಲ್ಲ, ಮಾತು ಕೇಳು.”

ಹೊರಗೆ ಲಂಗರಿನ ಸರಪಳಿ ಗರಗರನೆ ಮೇಲೇಳತೊಡಗಿತು. ಅಡುಗೆಯವನು ಬೋರಲಿದ್ದ ತಟ್ಟೆಗಳನ್ನು ಒಂದೊಂದಾಗಿ ಒರೆಸಿ, ಊಟಕ್ಕೆ ಇಡುವಂತೆ ಮೇಜಿನ ಮೇಲೆ ಸಾಲಾಗಿ ಇಟ್ಟ. ಇಪ್ಪತ್ತನ್ನೂ.

“ಅಮ್ಮ ಮೊದಲು ಕೇಳೋದೇ, ಅಣ್ಣ ಎಲ್ಲಿ ಅಂತ,” ಎಂದ. “ನಾನು ಇಳಿಯಲ್ಲ.”