ಕೊನೆಯ ಕೋಣೆಯ ರೇಂಜ್

ಮೂರನೇ ಸಲವೂ ಅದೇ ಕೋಣೆ, ಅದೇ ಕೇಬಲ್.

ನಿಯಾಸ್ ಏಣಿ ಹತ್ತಿ ಸೀಲಿಂಗಿನ ಹಲಗೆ ಸರಿಸಿ ಒಳಗೆ ಕೈ ಹಾಕಿದ. ಆಂಟೆನಾಕ್ಕೆ ಬರುವ ಕೇಬಲಿನ ತಿರುಪು ಪೂರ್ತಿ ಬಿಚ್ಚಿತ್ತು. ತಾನಾಗಿ ಸಡಿಲವಾದದ್ದಲ್ಲ. ಹಿಂದಿನ ಸಲ ಒಂದು ಕೈಯಲ್ಲಿ ಆಂಟೆನಾ ಹಿಡಿದು, ಇನ್ನೊಂದರಲ್ಲಿ ಸ್ಪಾನರ್ ಹಾಕಿ ಅವನೇ ಬಿಗಿದಿದ್ದ.

ಮುರಕಲ್ಲಿನ ಗುಡ್ಡ ಕಡಿದು ಕಟ್ಟಿದ ಆಸ್ಪತ್ರೆ ಅದು. ಕೆಳಗಿನ ಅಂತಸ್ತಿನ ಮೂರು ಕಡೆಯೂ ಕಲ್ಲು. ಹೊರಗಿನ ಟವರಿನ ಸಿಗ್ನಲ್ ಅಲ್ಲಿಗೆ ಇಳಿಯುತ್ತಿರಲಿಲ್ಲ. ಅದಕ್ಕೇ ತಾರಸಿಯಿಂದ ಕೇಬಲ್ ಇಳಿಸಿ, ಕೋಣೆ ಕೋಣೆಗೆ ಕವಲು ಮಾಡಿ, ಸೀಲಿಂಗಿಗೆ ಅಣಬೆಯಂಥ ಬಿಳಿ ಆಂಟೆನಾಗಳನ್ನು ಕೂರಿಸುವ ಕೆಲಸ ಅವನದು.

ನೋಡಲು ಏನೂ ಇಲ್ಲ. ಬಿಳಿ ಮುಚ್ಚಳದ ಒಳಗೆ ಒಂದು ಲೋಹದ ತಟ್ಟೆ, ಅದರ ಕೆಳಗೆ ಲಾಳಿಕೆ ಬೋರಲು ಹಾಕಿದಂಥ ಒಂದು ಶಂಕು. ಮೊನೆಯಿಂದ ಬಾಯಿಯವರೆಗೆ ಮೆಲ್ಲಮೆಲ್ಲಗೆ ಅಗಲವಾಗುವ ಕಾರಣ ಉದ್ದದ ಅಲೆಗೂ ಗಿಡ್ಡ ಅಲೆಗೂ ಅದು ಒಗ್ಗುತ್ತದೆ. ಹಳೆಯ ಫೋನಾಗಲಿ ಹೊಸತಾಗಲಿ, ಯಾವ ಕಂಪೆನಿಯ ಸಿಮ್ಮಾದರೂ ಸರಿ. ನೇರ ಕೆಳಗೆ ಕೊಡುವುದು ಕಡಿಮೆ, ಸುತ್ತಲೂ ಹಂಚುವುದು ಹೆಚ್ಚು. ಆದರೆ ತಿರುಪು ಬಿಚ್ಚಿದರೆ ಮುಗಿಯಿತು. ಅಷ್ಟು ದೂರ ಬಂದ ಸಿಗ್ನಲ್ ಅಲ್ಲೇ ಬಡಿದು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

"ಆ ಕೊನೆಯ ಕೋಣೆಯಲ್ಲಿ ಮೇಲೆ ಹತ್ತುವವರು ಯಾರು?" ಎಂದು ಏಣಿ ತಂದುಕೊಟ್ಟ ನರ್ಸ್ ರಂಶೀನಾಳನ್ನು ಅವನು ಮೊದಲೇ ಕೇಳಿದ್ದ.

"ಅಲ್ಲಿ ಇರುವುದು ರೋಗಿ, ಅವರ ಗಂಡ, ಇಬ್ಬರೇ," ಎಂದಿದ್ದಳು ಅವಳು. ಮತ್ತೆ ತಲೆ ತಗ್ಗಿಸಿ, "ಒಂದು ಕೋಣೆಗೆ ರೇಂಜ್ ಇಲ್ಲದಿದ್ದರೆ ಎಂತ ಆಗ್ತದೆ ಇಕ್ಕಾ?" ಎಂದಿದ್ದಳು.

ಹಾಸಿಗೆಯ ಮೇಲೆ ಸೌದಾಮಿನಿ ಮಲಗಿದ್ದರು. ಕಾಲಿಗೆ ಭಾರ ತೂಗುಬಿಟ್ಟಿದ್ದರು. ಮೂರು ವಾರದಿಂದ ಹಾಗೆಯೇ. ಪಕ್ಕದ ಸ್ಟೂಲಿನಲ್ಲಿ ಗಂಡ ಗಣೇಶಪ್ರಸಾದ, ಪುತ್ತಿಗೆಯ ಕಡೆಯ ಶಾಲೆಯೊಂದರ ಮಾಷ್ಟ್ರು. ಎಡಗೈ ಪ್ಲಾಸ್ಟರಿನಲ್ಲಿ, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ.

"ಇವತ್ತು ಸರಿಯಾದೀತಾ?" ಮಾಷ್ಟ್ರು ಕೇಳಿದರು. ದನಿಯಲ್ಲಿ ಆಸೆಯಿರಲಿಲ್ಲ, ಹೆದರಿಕೆಯಿತ್ತು.

"ನಿಧಾನ ಮಾಡಿ," ಎಂದರು ಸೌದಾಮಿನಿ. "ಅವಸರ ಎಂತದೂ ಇಲ್ಲ."

ನಿಯಾಸ್‌ಗೆ ಅನುಮಾನ ಉಳಿಯಲಿಲ್ಲ. ಏಣಿ ಇಳಿದು ಮಾಷ್ಟ್ರನ್ನು ಹೊರಗೆ ಕರೆದ.

"ಅದನ್ನು ಮೂರು ಸಲ ಬಿಚ್ಚಿದ್ದು ಯಾಕೆ ಮಾಷ್ಟ್ರೇ? ಕಂಪೆನಿಯವರು ನನ್ನನ್ನು ಕೇಳ್ತಾರೆ."

ಮಾಷ್ಟ್ರು ಅವನ ಮುಖವನ್ನೇ ನೋಡಿದರು. "ದೇವರೇ ಬಿಚ್ಚಿದ್ದು ಅಂತ ಎಣಿಸಿದ್ದೆ," ಎಂದರು.

ನಿಯಾಸ್ ರೇಗಬೇಕೆಂದಿದ್ದ. ಅಷ್ಟರಲ್ಲಿ ಅವರು ಗೋಡೆಗೆ ಒರಗಿ ಕುಸಿದು ಕೂತರು.

"ಅಪಘಾತದ ದಿನ ಕಾರು ಓಡಿಸ್ತಿದ್ದದ್ದು ನಾನು. ಹಿಂದಿನ ಸೀಟಿನಲ್ಲಿ ಇವಳೂ ಮಗಳು ದೀಪ್ತಿಯೂ. ಡಿಗ್ರಿ ಕೊನೇ ವರ್ಷ. ಆಂಬುಲೆನ್ಸ್ ಮಂಗಳೂರಿಗೆ ಮುಟ್ಟುವ ಮೊದಲೇ ಮಗಳು ಹೋದಳಂತೆ. ನಮ್ಮನ್ನು ಕಾರಿನಿಂದ ಎಳೆದು ತೆಗೆಯುವಾಗ ಇವಳಿಗೆ ಪ್ರಜ್ಞೆ ಇರಲಿಲ್ಲ. ಹೃದಯ ಬಲ ಇಲ್ಲ, ಆಪರೇಷನ್ ಆಗುವವರೆಗೆ ಹೇಳಬೇಡಿ ಅಂದರು ಡಾಕ್ಟರು. ಈ ಒಂದು ಕೈಯಲ್ಲಿ ಮಗಳಿಗೆ ಬೆಂಕಿ ಕೊಟ್ಟು ಬಂದು, ಇದೇ ಕೈಯಲ್ಲಿ ಇವಳಿಗೆ ಗಂಜಿ ಕುಡಿಸಿದೆ."

ನಿಯಾಸ್ ಅವರ ಎದುರು ಕುಕ್ಕರಿಸಿದ.

"ದೀಪ್ತಿ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಳೆ, ಇಲ್ಲಿ ರೇಂಜ್ ಇಲ್ಲ, ಮೇಲೆ ಹೋಗಿ ಮಾತಾಡಿ ಬರ್ತೇನೆ ಅಂತ ಹೇಳಿದ್ದೇನೆ. ದಿನಕ್ಕೆ ಎರಡು ಸಲ ಮೇಲೆ ಹೋಗಿ ಗೇಟಿನ ಹತ್ತಿರ ನಿಂತು ಬರ್ತೇನೆ. ರೇಂಜ್ ಬಂದರೆ ಇವಳು ಮೊದಲು ಫೋನ್ ಮಾಡುವುದು ಅವಳಿಗೇ ಅಲ್ಲವಾ?"

ನಿಯಾಸ್‌ಗೂ ಒಬ್ಬಳು ಮಗಳಿದ್ದಳು. ಅವನು ಎದ್ದ. ಒಳಗೆ ಹೋಗಿ, ಚೀಲದಿಂದ ಹೆಬ್ಬೆರಳಿನಷ್ಟು ದೊಡ್ಡ ಲೋಹದ ಮುಚ್ಚಳ ತೆಗೆದು, ಆಂಟೆನಾದ ಬದಲು ಕೇಬಲಿನ ತುದಿಗೆ ಅದನ್ನೇ ತಿರುಗಿಸಿ ಬಿಗಿದ. ಡಮ್ಮಿ ಲೋಡ್. ಬಂದ ಸಿಗ್ನಲನ್ನೆಲ್ಲ ಅದು ನುಂಗುತ್ತದೆ, ಏನನ್ನೂ ಹಿಂದಕ್ಕೆ ಬಿಡುವುದಿಲ್ಲ. ಮೀಟರಿಗೆ ಎಲ್ಲವೂ ಸರಿ ಎಂದೇ ಕಾಣುತ್ತದೆ. ಕಂಪೆನಿಗೆ ಅವನೂ ಹಾಗೆಯೇ ಬರೆದ. ಹದಿನೈದು ವರ್ಷದ ಕೆಲಸದಲ್ಲಿ ಅವನು ಸುಳ್ಳು ವರದಿ ಬರೆದದ್ದು ಅದೇ ಮೊದಲು.

ಮಾಷ್ಟ್ರು ಅವನ ಹೆಗಲು ಮುಟ್ಟಿದರು. "ದೀಪ್ತಿಗೆ ಫೋನ್ ಮಾಡಿ ಬರ್ತೇನೆ," ಎಂದು ಹೆಂಡತಿಗೆ ಹೇಳಿ ಮೆಟ್ಟಿಲು ಹತ್ತಿದರು.

ನಿಯಾಸ್ ಏಣಿ ಮಡಚುತ್ತಿದ್ದಾಗ ಸೌದಾಮಿನಿ ಕರೆದರು. "ಕೆಲಸ ಮುಗಿಯಿತಾ ತಮ್ಮ?"

"ಇಲ್ಲ ಅಮ್ಮ. ಇದು ಹಾಳಾಗಿದೆ. ಬೇರೆ ಬರಬೇಕು, ಒಂದು ತಿಂಗಳು ಹಿಡಿದೀತು." ಅವನು ಅವರ ಕಡೆ ನೋಡಲಿಲ್ಲ.

"ಒಳ್ಳೆಯದಾಯ್ತು. ಇನ್ನು ರಂಶೀನಾ ಸಿಸ್ಟರಿಗೆ ಏಣಿ ಹತ್ತುವ ಕೆಲಸ ಇಲ್ಲ."

ಅವನ ಕೈ ನಿಂತಿತು.

"ಅವಳನ್ನು ಬೈಯಬೇಡಿ. ಕೈಕಾಲು ಹಿಡಿದು ಬಿಚ್ಚಿಸಿದ್ದು ನಾನು. ದೀಪ್ತಿ ಎದ್ದು ಕೂತಳು, ಗಂಜಿ ಕುಡಿದಳು ಅಂತ ಅವರು ದಿನಾ ಬಂದು ಹೇಳ್ತಾರೆ. ಹೇಳುವಷ್ಟು ಹೊತ್ತು ಅವರಿಗೂ ಅವಳು ಇದ್ದಾಳೆ. ಆ ಮೇಲೆ ಎರಡು ತುತ್ತು ಉಣ್ತಾರೆ. ರೇಂಜ್ ಬಂದರೆ ಅದೂ ಇಲ್ಲ."

ನಿಯಾಸ್ ಏಣಿಯನ್ನು ಗೋಡೆಗೆ ಒರಗಿಸಿದ. "ನಿಮಗೆ... ಯಾರು ಹೇಳಿದ್ದು ಅಮ್ಮ?"

"ಯಾರೂ ಹೇಳಲಿಲ್ಲ. ನನಗೆ ಪ್ರಜ್ಞೆ ಹೋದದ್ದು ಅವಳು ಹೋದ ಮೇಲೆ. ನನ್ನ ಮಡಿಲಲ್ಲೇ ಹೋದಳು."