ಏಳರ ಮಗ್ಗಿಯ ಕೆಳಗೆ

"ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು..." ಸ್ಪೀಕರಿನಿಂದ ಮಗುವಿನ ದನಿ ಬಂದದ್ದೇ ತಡ, ಟೀಚರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಏಳೆಂಟ್ಲ ಐವತ್ನಾಲ್ಕು ಎಂದು ಆ ದನಿ ಎದೆ ತಟ್ಟಿ ಹೇಳಿದಾಗ, ರೇಡಿಯೋ ನಿಲಯದಲ್ಲಿ ಹಳೆಯ ಟೇಪುಗಳನ್ನು ಸರಿಮಾಡುವ ಇಂಜಿನಿಯರ್ ನಗು ತಡೆಯಲಾರದೆ ಯಂತ್ರ ನಿಲ್ಲಿಸಿದಳು.

"ಯಾರಿದು?"

"ನಾನೇ ಮೇಡಂ. ಆಗ ಏಳು ವರ್ಷ."

"ಈಗ ಏನು ಕೆಲಸ ಮಾಡ್ತೀರಿ?"

"ಹೈಸ್ಕೂಲಲ್ಲಿ ಲೆಕ್ಕ ಹೇಳಿಕೊಡ್ತೀನಿ."

ಇಬ್ಬರೂ ನಕ್ಕರು. ಟೀಚರ್ ನಗು ಬೇಗ ನಿಂತಿತು.

ಆ ಮಗ್ಗಿಯ ಜಾಗದಲ್ಲಿ ಇರಬೇಕಾಗಿದ್ದದ್ದು ಪಿಟೀಲಮ್ಮನ ಮಾತು. ದೇಶವೆಲ್ಲ ತಲೆದೂಗಿದ ಪಿಟೀಲಮ್ಮ ತಮ್ಮ ಜನ್ಮದಲ್ಲಿ ಸಂದರ್ಶನ ಅಂತ ಕೊಟ್ಟದ್ದು ಒಂದೇ ಒಂದು, ಅದೂ ರೇಡಿಯೋದಲ್ಲಿದ್ದ ಟೀಚರ್ ಅಪ್ಪನಿಗೆ. ಅಪ್ಪನಿಗೆ ಸಂತೋಷದಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರಸಾರಕ್ಕೆ ಮೊದಲೇ, ನಿಯಮ ಮೀರಿ, ಮನೆಯವರಿಗೆ ಕೇಳಿಸಲೆಂದು ಟೇಪನ್ನು ಮನೆಗೆ ತಂದರು. ಯಂತ್ರಕ್ಕೆ ಹಾಕಿಟ್ಟು, ಪಕ್ಕದ ಮನೆಯವರನ್ನೂ ಕರೆಯೋಣವೆಂದು ಅಮ್ಮನ ಜೊತೆ ಹೋದವರು ಅಲ್ಲೇ ಮಾತಿಗೆ ಕುಳಿತರು. ಇತ್ತ ಮಗಳು ದನಿ ತುಂಬುವ ಕೆಂಪು ಗುಂಡಿ ಒತ್ತಿ ಮಗ್ಗಿ ಒಪ್ಪಿಸಿದಳು. ಆಮೇಲೆ ಯಂತ್ರ ನಿಲ್ಲಿಸುವುದನ್ನು ಮರೆತು ಆಟಕ್ಕೆ ಓಡಿದಳು. ಟೇಪು ಕೊನೆಯವರೆಗೂ ತನ್ನ ಪಾಡಿಗೆ ತಾನು ಸುತ್ತಿ, ಖಾಲಿ ಕೋಣೆಯ ಸದ್ದನ್ನು ತುಂಬಿಕೊಂಡಿತು.

ಮರುದಿನ ಅಪ್ಪ ನಿಲಯದಲ್ಲಿ, ಟೇಪು ಹರಿದುಹೋಯಿತು ಎಂದರು. ಸಂದರ್ಶನ ನಡೆದದ್ದನ್ನೇ ಯಾರೂ ನಂಬಲಿಲ್ಲ. ಎರಡು ತಿಂಗಳಿಗೆ ಪಿಟೀಲಮ್ಮ ತೀರಿಕೊಂಡರು. ಅಲ್ಲಿಗೆ ಸಾಕ್ಷಿಯೂ ಹೋಯಿತು, ಅಪ್ಪನಿಗೆ 'ಬುರುಡೆ ಸಾರ್' ಎಂಬ ಹೆಸರು ಖಾಯಂ ಆಯಿತು. ನಿವೃತ್ತಿಯ ದಿನವೂ ಒಬ್ಬ ಮೈಕ್ ಹಿಡಿದು, "ಪಿಟೀಲಮ್ಮ ನಿಮ್ಮ ಕಿವೀಲಿ ಏನು ಹೇಳಿದ್ರು ಸಾರ್?" ಎಂದು ಸಭೆಯನ್ನೆಲ್ಲ ನಗಿಸಿದ್ದ. ಅಪ್ಪನೂ ನಕ್ಕಿದ್ದರು. ಮಗಳನ್ನು ಮಾತ್ರ ಅವರು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಅವಳು ಅಂದೇ ಅತ್ತು ಹಗುರಾಗುತ್ತಿದ್ದಳು. ಬೈಯದೆ ಬಿಟ್ಟಿದ್ದರಿಂದ ತಪ್ಪಾಯಿತು ಎನ್ನುವುದಕ್ಕೂ ಜಾಗ ಸಿಗದೆ ನಲವತ್ತೆರಡು ವರ್ಷ ಕಳೆದಿತ್ತು. ಹೋದ ವಾರ ಅಪ್ಪನ ಪೆಟ್ಟಿಗೆಯ ತಳದಲ್ಲಿ, ಸ್ವೆಟರಿನ ಕೆಳಗೆ ಆ ಟೇಪು ಕಂಡಾಗ, ಅವರಿಗೆ ಹೇಳದೆ ಎತ್ತಿಕೊಂಡು ಬಂದಿದ್ದಳು.

"ಏನೂ ಉಳಿದಿಲ್ಲ ಅಲ್ವಾ ಮೇಡಂ?"

"ಯಾರು ಹೇಳಿದ್ದು?" ಇಂಜಿನಿಯರ್ ಟೇಪಿನ ತುದಿಯನ್ನು ಬೆಳಕಿಗೆ ಹಿಡಿದಳು. "ಆಗಿನ ನಮ್ಮ ಯಂತ್ರ ಟೇಪಿನ ಇಡೀ ಅಗಲಕ್ಕೆ ದನಿ ತುಂಬ್ತಿತ್ತು. ನಿಮ್ಮನೇದು ಚಿಕ್ಕ ಯಂತ್ರ. ಅದಕ್ಕೆ ಗೊತ್ತಿದ್ದದ್ದು ಮೇಲಿನ ಅರ್ಧ ಮಾತ್ರ. ನೀವು ಅಳಿಸಿದ್ದೂ ಅಷ್ಟೇ, ಆಮೇಲೆ ನಿಮ್ಮಪ್ಪಂಗೆ ಕೇಳಿಸಿದ್ದೂ ಅಷ್ಟೇ. ಕೆಳಗಿನ ಅರ್ಧಾನ ಯಾರೂ ಮುಟ್ಟಿಲ್ಲ."

ಅವಳು ಒಂದು ಗುಂಡಿ ತಿರುಗಿಸಿದಳು. ಮಗ್ಗಿ ನಿಂತಿತು. ಸುಯ್ ಎನ್ನುವ ಸದ್ದಿನೊಳಗಿಂದ ಲೋಟ ಕೆಳಗಿಟ್ಟ ಸಪ್ಪಳ, ಆಮೇಲೆ ಪ್ರಾಯದ ಅಪ್ಪನ ದನಿ: "ವೇದಿಕೆ ಹತ್ತೋವಾಗ ನಿಮಗೆ ಈಗಲೂ ಭಯ ಆಗುತ್ತಾ?" ಅದಕ್ಕೊಂದು ದಪ್ಪ ಹೆಣ್ಣುದನಿಯ ಉತ್ತರ: "ಆಗದೇ ಇರೋ ದಿನ ಪಿಟೀಲು ಮೂಲೆಗಿಡ್ತೀನಿ ಕಣಪ್ಪ."

ಟೀಚರ್ ಬಿಕ್ಕಿ ಬಿಕ್ಕಿ ಅತ್ತಳು.

ಬೂಷ್ಟು ಒರೆಸಿ, ಗದ್ದಲ ಇಳಿಸಿ, ದನಿ ತಿಳಿಯಾಗಿಸಲು ಇಂಜಿನಿಯರಿಗೆ ಹತ್ತು ದಿನ ಹಿಡಿಯಿತು. ಶನಿವಾರ ಬೆಳಿಗ್ಗೆ ಮಗಳ ಕೈ ಹಿಡಿದು ಅಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಿವಿಯಲ್ಲಿ ಶ್ರವಣಸಾಧನ. ನಲವತ್ತು ನಿಮಿಷವೂ ಅಲುಗಾಡದೆ ಕೇಳಿದರು. ತಮ್ಮ ಪ್ರಶ್ನೆ ಬಂದಾಗಲೆಲ್ಲ ತುಟಿ ಮಾತ್ರ ಆಡುತ್ತಿತ್ತು.

"ಸಂಜೆಗೆ ಇದನ್ನ ನಮ್ಮ ವೆಬ್‌ಸೈಟಿಗೆ ಹಾಕ್ತೀವಿ ಸಾರ್. ಎಲ್ಲರಿಗೂ ಕೇಳುತ್ತೆ. ಬುರುಡೆ ಅಂದವರಿಗೂ," ಎಂದಳು ಇಂಜಿನಿಯರ್.

ಮಗಳು ಅಪ್ಪನ ಮಂಡಿಯ ಮೇಲೆ ಕೈಯಿಟ್ಟಳು. "ಅಪ್ಪ, ನನ್ನಿಂದ ನಿನಗೆ ಇಷ್ಟು ವರ್ಷ ಅವಮಾನ ಆಯ್ತು. ತಪ್ಪಾಯ್ತಪ್ಪ."

ಅಪ್ಪ ಇಂಜಿನಿಯರ್ ಕಡೆ ತಿರುಗಿ ಕೇಳಿದರು: "ಆ ವರ್ಷ ನಾನು ಮಾಡಿದ ಬೇರೆ ಸಂದರ್ಶನಗಳು ಇವೆಯೇನಮ್ಮ?"

"ಒಂದೂ ಇಲ್ಲ ಸಾರ್. ಆಗ ಟೇಪಿಗೆ ಬರಗಾಲ ಅಲ್ವಾ? ಒಂದು ಸಲ ಪ್ರಸಾರ ಆದ ಮೇಲೆ ಅಳಿಸಿ, ಅದರ ಮೇಲೇ ಇನ್ನೊಂದು ತುಂಬ್ತಿದ್ರು. ಇದೂ ನಿಲಯಕ್ಕೆ ವಾಪಸ್ ಬಂದಿದ್ರೆ ಅದೇ ಗತಿ."

"ಗೊತ್ತು. ಎಷ್ಟೋ ಟೇಪು ನಾನೇ ಕೈಯಾರೆ ಅಳಿಸಿದ್ದೀನಿ. ಇದನ್ನ ಕೊಡೋಕೆ ಮಾತ್ರ ಮನಸ್ಸು ಬರಲಿಲ್ಲ. ಇವಳ ಮಗ್ಗಿ ಇತ್ತಲ್ಲ."

ಮಗಳು ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಇಂಜಿನಿಯರ್ ಕಂಪ್ಯೂಟರಿನಲ್ಲಿ ವಿವರ ತುಂಬಲು ಶುರುಮಾಡಿದಳು. ಮಾತಾಡಿದವರು ಪಿಟೀಲಮ್ಮ, ಸಂದರ್ಶನ ಮಾಡಿದವರು ಅಪ್ಪ. ಮುಂದಿನ ಸಾಲಿಗೆ ಬಂದು ಕೈ ನಿಲ್ಲಿಸಿದಳು.

"'ಕಾಪಾಡಿ ಇಟ್ಟವರು' ಅಂತ ಇದೆ. ಇಲ್ಲೂ ನಿಮ್ಮ ಹೆಸರೇ ಹಾಕ್ಲಾ ಸಾರ್?"

"ಬೇಡಮ್ಮ, ಇವಳ ಹೆಸರು ಹಾಕು," ಎಂದರು ಅಪ್ಪ, ಮಂಡಿಯ ಮೇಲಿದ್ದ ಮಗಳ ಕೈ ಹಿಡಿದು. "ಪಕ್ಕದಲ್ಲಿ ವಯಸ್ಸೂ ಬರಿ. ಏಳು ವರ್ಷ."