ಸಹಿ ಬಿದ್ದ ಸುಳ್ಳು

ರಜೆಗಾಗಿ ಹೇಳಿದ ಸುಳ್ಳಿಗೆ ಮೇಲಿನವರ ಸಹಿ ಬಿದ್ದರೆ ಅದು ನಿಜವಾಗುತ್ತಿತ್ತು. ಹೀಗಾಗಿ ಗದಗಿನ ಬಿಸ್ಕತ್ತು ಕಾರ್ಖಾನೆಯ ಸೂಪರ್‌ವೈಸರ್ ಪಟ್ಟಣಶೆಟ್ಟಿ ಯಾರನ್ನೂ ವಿಚಾರಿಸುತ್ತಿರಲಿಲ್ಲ, ನಗುತ್ತ ಸಹಿ ಹಾಕುತ್ತಿದ್ದ. ಗೆಳೆಯನ ಮದುವೆಗೆ ಹೋಗಲು ಭೇದಿಯ ನೆಪ ಹೇಳಿದ್ದ ಪ್ಯಾಕಿಂಗಿನ ಶೇಖಪ್ಪ ಅಲ್ಲಿ ಊಟದ ಹೊತ್ತಿಗೆ ಸಂಡಾಸಿನಲ್ಲಿ ಕೂತಿದ್ದ. ಯಾರೋ ಸತ್ತರೆಂದು ರಜೆ ಕೇಳುವುದನ್ನಂತೂ ಎಲ್ಲರೂ ಬಿಟ್ಟಿದ್ದರು.

ಆ ಬೆಳಿಗ್ಗೆ ಒಲೆ ವಿಭಾಗದ ನೀಲವ್ವ ಪಟ್ಟಣಶೆಟ್ಟಿಯ ಮೇಜಿನ ಮುಂದೆ ನಿಂತಳು.

“ರಜಾ ಬೇಕ್ರಿ ಸಾಹೇಬ್ರ. ನಮ್ಮವ್ವಗ ಆರಾಮಾಗೇತಿ. ದವಾಖಾನಿಯಿಂದ ಮನಿಗೆ ಕರ್ಕೊಂಡ ಬರಬೇಕು.”

ಪಟ್ಟಣಶೆಟ್ಟಿ ಪೆನ್ನು ಕೆಳಗಿಟ್ಟ. “ನಿನ್ನೆ ಡಾಕ್ಟರು ಕೈ ಬಿಟ್ಟಾರಂತ ಅಳಾಕತ್ತಿದ್ದಿ. ಸುಳ್ಳ ಹೇಳ್ತಿಯಲ್ಲ?”

“ಹೌದ್ರಿ. ಸುಳ್ಳನ ಹೇಳಾಕತ್ತೀನಿ.”

“ಇಂಥಾದ್ದಕ್ಕ ಯಾರೂ ಸಹಿ ಹಾಕಿಲ್ಲ.”

“ಯಾರೂ ಕೇಳಿಲ್ಲರಿ. ಮಂದಿ ಬ್ಯಾನಿಗೆ ನಕ್ಕೋತ ಹಾಕ್ತೀರಿ. ಇದಕ್ಕ ಯಾಕ ಪೆನ್ನ ಕೆಳಗಿಟ್ರಿ?”

ಯಂತ್ರಗಳ ಬಳಿಯಿದ್ದವರೆಲ್ಲ ಇತ್ತ ತಿರುಗಿದ್ದರು. ಅವನು ನಗಲಿಲ್ಲ. ಸಹಿ ಹಾಕಿದ.

ಶಾಯಿ ಆರುವ ಮೊದಲೇ ನೀಲವ್ವನ ಫೋನು ಬಡಿದುಕೊಂಡಿತು. ನರ್ಸಿನ ದನಿ ಎಲ್ಲರಿಗೂ ಕೇಳಿಸಿತು. “ಲಗೂನ ಬರ್ರೀ. ನಿಮ್ಮವ್ವ ಎದ್ದ ಕುಂತಾರ. ಗಂಜಿಗೆ ಉಪ್ಪಿಲ್ಲಂತ ನಮ್ಮನ್ನ ಬೈಯಾಕತ್ತಾರ.”

ನೀಲವ್ವ ಏಪ್ರನ್ನೂ ಬಿಚ್ಚದೆ ಗೇಟಿನತ್ತ ಓಡಿದಳು.

ಅವಳು ನಿಂತಿದ್ದ ಜಾಗಕ್ಕೆ ಹಿಟ್ಟು ಕಲಸುವ ಮಾಬುಸಾಬ ಬಂದ. ಅವನ ಮಗಳಿಗೆ ಹುಟ್ಟಿನಿಂದ ಮಾತು ಬಾರದೆಂಬುದು ಇಡೀ ಕಾರ್ಖಾನೆಗೆ ಗೊತ್ತಿತ್ತು.

“ನನಗೂ ಅರ್ಧಾ ದಿನ ರಜಾ ಬೇಕ್ರಿ ಸಾಹೇಬ್ರ. ಮಗಳು ಮಾತಾಡಾಕತ್ಯಾಳ. ಕೇಳಾಕ ಹೋಗಬೇಕು.”